ವಾರ್ಡಿಗೆ ಹೋದರೆ ಕೈ ನಡುಗುತ್ತದೆ, ನಾನು ನರ್ಸ್ ಆಗಬಲ್ಲೆನೇ?

ಪ್ರಶ್ನೆ: ಮೇಡಂ, ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ಥಿಯರಿಯಲ್ಲಿ ಒಳ್ಳೆಯ ಅಂಕ ಬರುತ್ತದೆ. ಲ್ಯಾಬಿನಲ್ಲಿ ಬೊಂಬೆಗೆ ಇಂಜೆಕ್ಷನ್ ಕೊಡುವಾಗ ಏನೂ ಆಗುವುದಿಲ್ಲ, ಆದರೆ ವಾರ್ಡಿನಲ್ಲಿ ರೋಗಿಯ ಮುಂದೆ ನಿಂತರೆ ಕೈ ನಡುಗುತ್ತದೆ. ಪೋಸ್ಟಿಂಗ್ (ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿ) ಶುರುವಾದ ಹೊಸತರಲ್ಲಿ ಕಾಲಿನ ಗಾಯದ ಡ್ರೆಸ್ಸಿಂಗ್ ನೋಡುತ್ತ ನಿಂತವಳು ಕಣ್ಣು ಕತ್ತಲೆ ಬಂದು ಬಿದ್ದೆ. ಹೋದ ವಾರ ಇನ್ನೂ ದೊಡ್ಡದಾಯಿತು. ಒಬ್ಬರಿಗೆ 250 ಮಿಲಿಗ್ರಾಂ ಆಂಟಿಬಯೋಟಿಕ್ ಕೊಡಬೇಕಿತ್ತು, ನಾನು 500 ಮಿಲಿಗ್ರಾಂ ಇದ್ದ ವಯಲ್ (ಔಷಧದ ಸಣ್ಣ ಬಾಟಲಿ) ಪೂರ್ತಿ ಸಿರಿಂಜಿಗೆ ಎಳೆದಿದ್ದೆ. ಸ್ಟಾಫ್ ನರ್ಸ್ ನೋಡಿ ತಡೆದರು. ‘ಇಷ್ಟು ಲೆಕ್ಕ ಬರದವಳು ಈ ಕೋರ್ಸಿಗೆ ಯಾಕೆ ಬಂದೆ’ ಎಂದು ರೋಗಿಯ ಎದುರೇ ಬೈದರು. ಅಂದಿನಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಕೋರ್ಸ್ ಬಿಟ್ಟುಬಿಡಲೇ? ಮುಂದುವರಿದರೂ ಮೊದಲ ಒಂದು ವರ್ಷ ಜನರಲ್ ವಾರ್ಡಿನಲ್ಲೇ ಕೆಲಸ ಮಾಡಲೇಬೇಕಂತೆ. ನನಗೆ ಮಕ್ಕಳ ವಾರ್ಡ್ ಇಷ್ಟ.

ಉತ್ತರ: ನಡುಕ, ತಲೆ ಸುತ್ತಿ ಬಿದ್ದದ್ದು, ಡೋಸ್ ತಪ್ಪಿದ್ದು, ಬೈಗುಳ. ಈ ನಾಲ್ಕನ್ನೂ ಒಂದೇ ಗಂಟು ಕಟ್ಟಿ ‘ನಾನು ಅಯೋಗ್ಯಳು’ ಎಂದು ಹೆಸರಿಟ್ಟಿದ್ದೀರಿ. ಮೊದಲು ಆ ಗಂಟು ಬಿಚ್ಚೋಣ. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಇವುಗಳಲ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಡೋಸ್ ಒಂದೇ. ಅದನ್ನೂ ಸರಿಪಡಿಸಿಕೊಳ್ಳಬಹುದು.

ಬಿದ್ದ ವಿಷಯ ಬೇಗ ಮುಗಿಸುತ್ತೇನೆ. ರಕ್ತ, ಗಾಯ ನೋಡಿದಾಗ ಕೆಲವರ ದೇಹದಲ್ಲಿ ಹೃದಯದ ಬಡಿತ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಕುಸಿದು ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಹೊಟ್ಟೆ ಖಾಲಿಯಿದ್ದರೆ, ಕೋಣೆ ಸೆಕೆಯಾಗಿದ್ದರೆ, ಮಂಡಿ ಬಿಗಿಹಿಡಿದು ಅಲುಗಾಡದೆ ನಿಂತರೆ ಸಾಧ್ಯತೆ ಹೆಚ್ಚು. ಬೀಳುವ ಮೊದಲು ದೇಹ ಸೂಚನೆ ಕೊಡುತ್ತದೆ: ತಣ್ಣನೆಯ ಬೆವರು, ಆಕಳಿಕೆ, ಹೊಟ್ಟೆ ತೊಳಸುವುದು, ಕಿವಿ ಗುಂಯ್‌ಗುಟ್ಟುವುದು. ಆಗ ಕೈ, ಹೊಟ್ಟೆ, ತೊಡೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು ಗಟ್ಟಿಯಾಗಿ ಬಿಗಿಹಿಡಿಯಿರಿ, 20ರಿಂದ 30 ಸೆಕೆಂಡು ಸಡಿಲ ಬಿಡಿ. ಹೀಗೆ ಐದು ಸಲ ಮಾಡಿದರೆ ಬಿಪಿ ಮೇಲೇರುತ್ತದೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡಿರಬೇಕು, ಕಣ್ಣು ಕತ್ತಲೆ ಬಂದಮೇಲೆ ನೆನಪಾಗುವುದಿಲ್ಲ. ಅಷ್ಟಾದರೂ ತಡೆಯದಿದ್ದರೆ ಸ್ಟೆರೈಲ್ (ರೋಗಾಣುಮುಕ್ತ) ಟ್ರೇಯಿಂದ ಒಂದು ಹೆಜ್ಜೆ ಹಿಂದೆ ಸರಿದು ನೆಲದ ಮೇಲೆ ಕುಳಿತುಬಿಡಿ. ನಾಚಿಕೆಯಿಂದ ನಿಂತೇ ಇದ್ದವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ನೋಡುತ್ತ ನೋಡುತ್ತ ಬಹುತೇಕರಿಗೆ ಇದು ಕಡಿಮೆಯಾಗುತ್ತದೆ. ಸೂಚನೆಯೇ ಇಲ್ಲದೆ ಬಿದ್ದರೆ ಅಥವಾ ಓಡುವಾಗ, ಮೆಟ್ಟಿಲು ಹತ್ತುವಾಗ ಬಿದ್ದರೆ ಮಾತ್ರ ವೈದ್ಯರನ್ನು ಕಾಣಲೇಬೇಕು.

ನಡುಕದ ಬಗ್ಗೆ ಒಂದು ತಪ್ಪು ನಂಬಿಕೆಯಿದೆ: ಒಳ್ಳೆಯ ನರ್ಸಿಗೆ ಕೈ ನಡುಗುವುದಿಲ್ಲ ಎಂದು. ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಅದು ಏರಿದರೆ ಯಾರ ಕೈಯೂ ನಡುಗುತ್ತದೆ. ಅನುಭವಿಗಳು ತಮ್ಮ ಕೈಗೆ ಆಸರೆ ಕೊಡುವುದನ್ನು ಕಲಿತಿರುತ್ತಾರೆ, ಹಾಗಾಗಿ ಅವರ ನಡುಕ ಸೂಜಿಯ ತುದಿಯವರೆಗೆ ಬರುವುದಿಲ್ಲ. ಹೊಸಬರು ಬಗ್ಗಿ ನಿಂತು, ಮೊಣಕೈ ಗಾಳಿಯಲ್ಲಿಟ್ಟು, ಸಿರಿಂಜನ್ನು ಬೆರಳ ತುದಿಯಲ್ಲಿ ಹಿಡಿಯುತ್ತಾರೆ. ಹಾಗೆ ಹಿಡಿದರೆ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ.

ಹಾಸಿಗೆಯನ್ನು ನಿಮ್ಮ ಮೊಣಕೈ ಮಟ್ಟಕ್ಕೆ ಏರಿಸಿ. ಏರಿಸಲು ಆಗದ ಹಾಸಿಗೆಯಾದರೆ ಸ್ಟೂಲ್ ಎಳೆದುಕೊಂಡು ಕುಳಿತುಕೊಳ್ಳಿ. ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕುವುದನ್ನು ಕಲಿಯುವಾಗ ಕಿರುಬೆರಳನ್ನೂ ಅಂಗೈಯ ಅಂಚನ್ನೂ ರೋಗಿಯ ಕೈಯ ಮೇಲೆ ಊರಿ. ತೋಳಿಗೆ ಇಂಜೆಕ್ಷನ್ ಕೊಡುವಾಗ ಭುಜದ ತುದಿಯ ಮೂಳೆಯನ್ನು ಬೆರಳಿನಿಂದ ಹುಡುಕಿ, ಅದರಿಂದ ಎರಡು ಮೂರು ಬೆರಳು ಕೆಳಗೆ ಜಾಗ ಗುರುತಿಸಿ, ಎಡಗೈಯನ್ನು ಅಲ್ಲಿಂದ ತೆಗೆಯಬೇಡಿ. ಆ ಕೈಯೇ ನಿಮ್ಮ ಆಸರೆ. ಸ್ಪಿರಿಟ್ ಹಚ್ಚಿದ ಮೇಲೆ 30 ಸೆಕೆಂಡು ಒಣಗಲು ಬಿಡಿ. ಒದ್ದೆ ಚರ್ಮಕ್ಕೆ ಚುಚ್ಚಿದರೆ ಉರಿಯುತ್ತದೆ, ರೋಗಿ ಕೈ ಎಳೆಯುತ್ತಾರೆ, ನಿಮಗೆ ಇನ್ನಷ್ಟು ಗಾಬರಿಯಾಗುತ್ತದೆ. ಆಮೇಲೆ ಸೂಜಿಯನ್ನು 90 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಒಳಗೆ ಹಾಕಿ, ಔಷಧವನ್ನು ಮಾತ್ರ ನಿಧಾನ ಬಿಡಿ. ಹೆದರಿದವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸೂಜಿಯನ್ನು ಹೆದರುತ್ತ ಮೆಲ್ಲಗೆ ಒತ್ತಿ, ಔಷಧವನ್ನು ಬೇಗ ಮುಗಿಸುವ ಆತುರದಲ್ಲಿ ತಳ್ಳುತ್ತಾರೆ. ಎರಡರಿಂದಲೂ ನೋವು ಜಾಸ್ತಿ.

ನಡುಗುವ ಕೈಯಿಂದ ರೋಗಿಗಿಂತ ನಿಮಗೇ ಅಪಾಯ ಹೆಚ್ಚು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಚುಚ್ಚಿಕೊಳ್ಳುವವರು ಬಹಳ. ಮುಚ್ಚಳ ಹಾಕಲೇಬೇಡಿ. ಸೂಜಿ ಹಾಕುವ ಡಬ್ಬವನ್ನು ಕೈಗೆಟಕುವಂತೆ ಇಟ್ಟುಕೊಂಡೇ ಕೆಲಸ ಶುರುಮಾಡಿ. ಚುಚ್ಚಿಕೊಂಡರೆ ಗಾಯವನ್ನು ಹಿಂಡಬೇಡಿ, ಬ್ಲೀಚ್ ಹಾಕಬೇಡಿ, ಸೋಪು ನೀರಿನಲ್ಲಿ ತೊಳೆದು ಆ ಗಳಿಗೆಯಲ್ಲೇ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟುತ್ತದೆ, ಶೇ. 6ರಿಂದ 30ರವರೆಗೆ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಟ್ಟರೆ ಆ ಗಂಟೆಗಳು ಕೈಬಿಟ್ಟು ಹೋಗುತ್ತವೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ, ಕೊನೆಯ ಡೋಸಿನ ಒಂದೆರಡು ತಿಂಗಳ ಬಳಿಕ ರಕ್ತ ಪರೀಕ್ಷೆಯಲ್ಲಿ ರಕ್ಷಣೆ ಬಂದಿದೆಯೆಂದು ಖಚಿತವಾಗಿದೆಯೇ? ಇಲ್ಲದಿದ್ದರೆ ಇದೇ ವಾರ ವಿಚಾರಿಸಿ.

ಈಗ ಡೋಸ್.

ನಿಮಗೆ ಲೆಕ್ಕ ಬರುವುದಿಲ್ಲ ಎಂದು ನನಗೆ ಅನಿಸುವುದಿಲ್ಲ. 500ರಲ್ಲಿ ಅರ್ಧ 250 ಎಂದು ಲೆಕ್ಕ ಮಾಡಲಾಗದವರು ಎರಡನೇ ವರ್ಷಕ್ಕೆ ಬರುವುದಿಲ್ಲ. ನೀವು ಲೆಕ್ಕವನ್ನೇ ಮಾಡಲಿಲ್ಲ, ತಪ್ಪಾದದ್ದು ಅಲ್ಲಿ. ಹೆಚ್ಚಿನ ರೋಗಿಗಳಿಗೆ ಒಂದು ವಯಲ್ ಪೂರ್ತಿ ಹೋಗುವುದರಿಂದ ‘ಒಂದು ವಯಲ್ ಅಂದರೆ ಒಂದು ಡೋಸ್’ ಎಂಬುದು ಕೈಗೆ ರೂಢಿಯಾಗಿಬಿಡುತ್ತದೆ. ಹುಷಾರಾಗಿರಬೇಕು ಅಂದುಕೊಂಡರೆ ರೂಢಿ ಬಿಡುವುದಿಲ್ಲ, ಅದನ್ನು ಕಡಿಯಲು ಒಂದು ನಿಶ್ಚಿತ ಕ್ರಮ ಬೇಕು.

ವಯಲ್ ಮುಟ್ಟುವ ಮೊದಲು ಮೂರು ವಿಷಯ ಬಾಯಿಬಿಟ್ಟು ಹೇಳಿ: ಬೇಕಾದದ್ದು ಎಷ್ಟು, ಇರುವುದು ಎಷ್ಟು, ಎಷ್ಟು ಮಿಲಿಯಲ್ಲಿ (ಮಿಲಿಲೀಟರ್) ಇದೆ. ಬೇಕಾದದ್ದನ್ನು ಇರುವುದರಿಂದ ಭಾಗಿಸಿ ಮಿಲಿಯಿಂದ ಗುಣಿಸಿ. ನಿಮ್ಮ ವಯಲ್ ಕರಗಿಸಿದ ಮೇಲೆ 5 ಮಿಲಿ ಆಗುತ್ತದೆ ಎಂದಿಟ್ಟುಕೊಂಡರೆ 250 ಭಾಗಿಸು 500, ಗುಣಿಸು 5, ಅಂದರೆ 2.5 ಮಿಲಿ. ಅದಕ್ಕೂ ಮೊದಲು ಒಂದು ಅಂದಾಜು ಮಾಡಿಕೊಳ್ಳಿ: ‘ಅರ್ಧ ವಯಲ್ ಆಗಬೇಕು’. ಅಂದಾಜಿಗೂ ಉತ್ತರಕ್ಕೂ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ. ಒಂದು ಡೋಸಿಗೆ ನಾಲ್ಕೈದು ಮಾತ್ರೆ, ಮೂರು ನಾಲ್ಕು ಆಂಪ್ಯೂಲ್ (ತುದಿ ಮುರಿದು ತೆರೆಯುವ ಔಷಧದ ಗಾಜಿನ ಕುಪ್ಪಿ) ಬೇಕೆಂದು ಲೆಕ್ಕ ಹೇಳಿದರೂ ನಿಲ್ಲಿ. ಲೆಕ್ಕ ಎಲ್ಲೋ ತಪ್ಪಿರಬಹುದು. ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ಅದಲುಬದಲಾದರಂತೂ ಸಾವಿರ ಪಟ್ಟಿನ ವ್ಯತ್ಯಾಸ.

ಡ್ರಿಪ್ ಲೆಕ್ಕವನ್ನು ಗಡಿಯಾರಕ್ಕೆ ತಂದು ನಿಲ್ಲಿಸುವುದು ಒಳ್ಳೆಯದು. 500 ಮಿಲಿ, 4 ಗಂಟೆ, ಡ್ರಿಪ್ ಸೆಟ್ಟಿನ (ಹನಿ ಬೀಳಿಸುವ ನಳಿಕೆಯ) ಪೊಟ್ಟಣದ ಮೇಲೆ ಮಿಲಿಗೆ 20 ಹನಿ ಎಂದಿದ್ದರೆ: 500 ಗುಣಿಸು 20, ಭಾಗಿಸು 240 ನಿಮಿಷ, ನಿಮಿಷಕ್ಕೆ ಸುಮಾರು 42 ಹನಿ. 15 ಸೆಕೆಂಡಿಗೆ ಹತ್ತು ಹನ್ನೊಂದು ಬಿದ್ದರೆ ಸರಿ. ಸೆಟ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಮೈಕ್ರೋ ಸೆಟ್ಟಿನಲ್ಲಿ ಮಿಲಿಗೆ 60 ಹನಿ.

ಇನ್ಸುಲಿನ್ ಬಳಿ ವಿಶೇಷ ಎಚ್ಚರ ಬೇಕು. ಬಾಟಲಿಯ ಮೇಲೆ ಯು-100 (ಮಿಲಿಗೆ 100 ಯೂನಿಟ್) ಎಂದಿದ್ದು, ಕೈಯಲ್ಲಿ ಯು-40 (ಮಿಲಿಗೆ 40 ಯೂನಿಟ್ ಲೆಕ್ಕದಲ್ಲಿ ಗೆರೆ ಹಾಕಿದ) ಸಿರಿಂಜ್ ಇದ್ದರೆ, 20ರ ಗೆರೆಗೆ ಎಳೆದಾಗ ಒಳಗೆ ಬರುವುದು 50 ಯೂನಿಟ್. ರೋಗಿಗೆ ಎರಡೂವರೆ ಪಟ್ಟು ಹೋಗುತ್ತದೆ, ಸಕ್ಕರೆ ಕುಸಿದು ಪ್ರಾಣಕ್ಕೇ ಬರಬಹುದು. ಬಾಟಲಿ, ಸಿರಿಂಜ್ ಎರಡರ ಮೇಲಿನ ಸಂಖ್ಯೆ ಒಂದೇ ಇರಬೇಕು. ಇನ್ನು ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ದ್ರವದಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಯಾವತ್ತೂ ಕೊಡಕೂಡದು, ಹೃದಯ ನಿಂತುಹೋಗುತ್ತದೆ. ವಿದ್ಯಾರ್ಥಿಗಳು ಅದನ್ನು ಒಬ್ಬರೇ ಮುಟ್ಟುವ ಪ್ರಶ್ನೆಯೇ ಇಲ್ಲ.

ಇನ್ನೊಬ್ಬರಿಂದ ಪರಿಶೀಲನೆ ಮಾಡಿಸುವುದಕ್ಕೂ ಒಂದು ರೀತಿಯಿದೆ. ‘ಸಿಸ್ಟರ್, ಇದು 5 ಮಿಲಿ ಅಲ್ವಾ?’ ಎಂದು ಕೇಳಿದರೆ ಅವರು ಅವಸರದಲ್ಲಿ ‘ಹ್ಞೂಂ’ ಎನ್ನುತ್ತಾರೆ. ಉತ್ತರ ಹೇಳಬೇಡಿ. ಚಾರ್ಟನ್ನೂ ವಯಲನ್ನೂ ಮುಂದಿಟ್ಟು ‘ನೀವು ಎಷ್ಟು ಎಳೆಯುತ್ತಿದ್ದಿರಿ?’ ಎಂದು ಕೇಳಿ. ಇಬ್ಬರ ಉತ್ತರ ಬೇರೆಬೇರೆಯಾಗಿ ಬಂದು ಒಂದೇ ಆದರೆ ಮಾತ್ರ ಅದು ಪರಿಶೀಲನೆ. ಲೆಕ್ಕದ ನಡುವೆ ಯಾರಾದರೂ ಕರೆದರೆ ಹೋಗಿ ಬಂದು ಮೊದಲಿನಿಂದ ಶುರುಮಾಡಿ, ಬಿಟ್ಟಲ್ಲಿಂದ ಮುಂದುವರಿಸಬೇಡಿ.

ಹಾಸಿಗೆಯ ಬಳಿಯೂ ಹಾಗೆಯೇ. ‘ನೀವು ಇಂಥವರಲ್ಲವೇ?’ ಎಂದು ಕೇಳಿದರೆ ಕಿವಿ ಮಂದ ಇರುವವರು, ಜ್ವರದ ಮಂಪರಿನಲ್ಲಿರುವವರು ಸುಮ್ಮನೆ ತಲೆಯಾಡಿಸುತ್ತಾರೆ. ‘ನಿಮ್ಮ ಹೆಸರು ಹೇಳಿ’ ಎನ್ನಿ, ಅವರು ಹೇಳಿದ್ದನ್ನು ಕೈಪಟ್ಟಿಯ ಹೆಸರು ಮತ್ತು ಆಸ್ಪತ್ರೆ ಸಂಖ್ಯೆಯ ಜೊತೆ ತಾಳೆ ನೋಡಿ. ಹಾಸಿಗೆ ಸಂಖ್ಯೆಯನ್ನು ಗುರುತಾಗಿ ನಂಬಬೇಡಿ. ರೋಗಿಗಳನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇರುತ್ತಾರೆ.

ಕೊಡುವ ಮೊದಲೇ ತಡೆದ ತಪ್ಪನ್ನೂ ಬರೆದಿಡುವ ಪದ್ಧತಿ ಬಹಳ ಆಸ್ಪತ್ರೆಗಳಲ್ಲಿದೆ. ನಿಮ್ಮ ಟ್ಯೂಟರ್ ಜೊತೆ ಕುಳಿತು ಆ ವರದಿ ತುಂಬಿ. ವರದಿಯನ್ನೇ ಶಿಕ್ಷೆಯ ದಾಖಲೆ ಮಾಡಿಕೊಳ್ಳುವ ಜಾಗಗಳೂ ಇವೆ, ಅದಕ್ಕೇ ಒಬ್ಬರೇ ಹೋಗಬೇಡಿ ಎನ್ನುತ್ತಿದ್ದೇನೆ. ಮುಂದೆ ಎಂದಾದರೂ ತಪ್ಪು ಡೋಸ್ ರೋಗಿಯ ದೇಹ ಸೇರಿಯೇಬಿಟ್ಟರೆ ಮೊದಲು ರೋಗಿಯನ್ನು ನೋಡಿ. ಉಸಿರು, ನಾಡಿ, ಬಿಪಿ ನೋಡಿ, ಅಲ್ಲಿಂದಲೇ ಇನ್‌ಚಾರ್ಜ್ ಸಿಸ್ಟರ್ ಮತ್ತು ಡಾಕ್ಟರನ್ನು ಕರೆಯಿಸಿ. ಚಾರ್ಟಿನಲ್ಲಿ ನಿಜವಾಗಿ ಕೊಟ್ಟದ್ದನ್ನೇ ಬರೆಯಿರಿ. ತಪ್ಪಿಗೆ ಕ್ಷಮೆ ಸಿಗಬಹುದು, ತಿದ್ದಿದ ಚಾರ್ಟಿಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸುಳ್ಳು ಚಾರ್ಟ್ ನಂಬಿ ಮುಂದಿನ ಶಿಫ್ಟಿನವರು ಇನ್ನೊಂದು ಡೋಸ್ ಕೊಡುತ್ತಾರೆ.

ಬೈಗುಳದ ಮಾತಿಗೆ ಬರೋಣ. ಆ ಸ್ಟಾಫ್ ನರ್ಸ್ ತಡೆದದ್ದು ಸರಿ. ರೋಗಿಯ ಎದುರು ಆಡಿದ ಮಾತು ಸರಿಯಲ್ಲ. ಇವೆರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬಹುದು. ತಮ್ಮ ರೋಗಿಗಳ ಹೊರೆ ಒಂದಿಷ್ಟೂ ಇಳಿಯದೆ ಮೇಲೆ ಮೂರು ನಾಲ್ಕು ವಿದ್ಯಾರ್ಥಿಗಳನ್ನು ನೋಡಿಕೊಳ್ಳಬೇಕಾದಾಗ ಒಳ್ಳೆಯವರೂ ಸಿಡುಕುತ್ತಾರೆ. ಶಿಫ್ಟ್ ಮುಗಿಯುವ ಹೊತ್ತಿಗೆ ‘ಸಿಸ್ಟರ್, ತಡೆದಿದ್ದಕ್ಕೆ ಥ್ಯಾಂಕ್ಸ್. ಎರಡು ನಿಮಿಷ ಬಿಡುವಿದ್ದರೆ ನೀವು ಹೇಗೆ ಲೆಕ್ಕ ಹಾಕುತ್ತೀರಿ ತೋರಿಸುತ್ತೀರಾ?’ ಎಂದು ಕೇಳಿ ನೋಡಿ. ಬಹಳ ಕಡೆ ಸಂಬಂಧ ಅಲ್ಲಿಗೇ ನೇರಾಗುತ್ತದೆ. ಒಬ್ಬರೇ ಪದೇಪದೇ ಹೀಯಾಳಿಸುತ್ತಿದ್ದರೆ, ಕಲಿಯಬೇಕಾದ ಕೆಲಸದಿಂದ ಬೇಕೆಂದೇ ದೂರ ಇಡುತ್ತಿದ್ದರೆ ಅದು ಬೇರೆ ವಿಷಯ. ದಿನಾಂಕ, ಆಡಿದ ಮಾತು, ಅಲ್ಲಿದ್ದವರು ಯಾರು ಎಂದು ಬರೆದಿಟ್ಟುಕೊಂಡು ಕ್ಲಿನಿಕಲ್ ಕೋಆರ್ಡಿನೇಟರ್ ಬಳಿ ಹೋಗಿ. ‘ಎಲ್ಲರೂ ಹೀಗೇ ಕಲಿತದ್ದು’ ಎಂಬ ಮಾತನ್ನು ನಂಬಬೇಡಿ. ಹೀಯಾಳಿಕೆಗೆ ಹೆದರಿದ ವಿದ್ಯಾರ್ಥಿ ಪ್ರಶ್ನೆ ಕೇಳುವುದನ್ನೇ ಬಿಡುತ್ತಾಳೆ, ಅದರ ಬೆಲೆ ತೆರುವವರು ರೋಗಿಗಳು.

ನೀವು ಯೋಗ್ಯಳೋ ಅಲ್ಲವೋ ಎಂಬುದನ್ನು ನಿಜವಾಗಿ ತೋರಿಸುವುದು ಇದೇ: ಗೊತ್ತಿಲ್ಲದಾಗ ನಿಂತು ಕೇಳುತ್ತೀರಾ? ಕೈ ಒಂದಿಷ್ಟೂ ನಡುಗದೆ ಎಲ್ಲ ರೋಗಿಗಳ ಚಾರ್ಟಿನಲ್ಲೂ ಉಸಿರಾಟ 20 ಎಂದು ಬರೆದು ಹೋಗುವ ವಿದ್ಯಾರ್ಥಿಯ ಬಗ್ಗೆ ನನಗೆ ಹೆಚ್ಚು ಭಯ. ಉಸಿರಾಟದ ವೇಗ ಏರುವುದು ರೋಗಿ ಕೈಮೀರುತ್ತಿರುವುದರ ಮೊದಲ ಸೂಚನೆಗಳಲ್ಲೊಂದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 25 ಅಥವಾ ಹೆಚ್ಚು, 8 ಅಥವಾ ಕಡಿಮೆ ಇದ್ದರೆ ಅದೊಂದಕ್ಕೇ ಗರಿಷ್ಠ 3 ಅಂಕ, ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಾಡಿ ನೋಡಿದ ಮೇಲೂ ರೋಗಿಯ ಮಣಿಕಟ್ಟು ಬಿಡದೆ, ಹೇಳದೆ, ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ಎಣಿಸುತ್ತಿದ್ದೀರೆಂದು ಗೊತ್ತಾದರೆ ಉಸಿರು ಬದಲಾಗುತ್ತದೆ.

ಕೇಳುವ ಮಾತನ್ನೂ ತಯಾರಿಟ್ಟುಕೊಳ್ಳಬೇಕು. ‘ಇದನ್ನು ಬೊಂಬೆಯ ಮೇಲೆ ಮಾಡಿದ್ದೇನೆ, ರೋಗಿಗೆ ಮಾಡಿಲ್ಲ. ಪಕ್ಕದಲ್ಲಿ ನಿಲ್ಲುತ್ತೀರಾ?’ ಎಂದರೆ ಸಾಕು, ಕ್ಷಮೆ ಕೇಳುವುದು ಬೇಡ. ಡಾಕ್ಟರಿಗೆ ಫೋನ್ ಮಾಡುವಾಗ ಎಸ್‌ಬಾರ್ ಕ್ರಮ ಹಿಡಿಯಿರಿ: ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತದೆ, ನಿಮ್ಮಿಂದ ಏನು ಬೇಕು. ‘ಡಾಕ್ಟರ್, ಸರ್ಜಿಕಲ್ ವಾರ್ಡಿನಿಂದ ವಿದ್ಯಾರ್ಥಿ ನರ್ಸ್ ಮಾತಾಡುತ್ತಿದ್ದೇನೆ, ಸಿಸ್ಟರ್ ಪಕ್ಕದಲ್ಲಿದ್ದಾರೆ. ನಿನ್ನೆ ಹೊಟ್ಟೆಯ ಆಪರೇಷನ್ ಆದವರಿಗೆ ಉಸಿರಾಟ 28, ನಾಡಿ 120, ಬಿಪಿ 90/60, ಬೆಳಿಗ್ಗೆ 120/80 ಇತ್ತು. ಒಳಗೆ ರಕ್ತಸ್ರಾವ ಇರಬಹುದೆಂಬ ಅನುಮಾನ. ತಾವು ಈಗಲೇ ಬಂದು ನೋಡಬೇಕು.’ ಕೊನೆಯ ವಾಕ್ಯವನ್ನೇ ಹೊಸಬರು ನುಂಗಿಬಿಡುತ್ತಾರೆ, ಅದಿಲ್ಲದಿದ್ದರೆ ಆ ಕಡೆಯವರು ‘ನೋಡ್ತಾ ಇರಿ’ ಎಂದು ಫೋನ್ ಇಡುತ್ತಾರೆ.

ಬಿಡಬೇಕೇ, ಇರಬೇಕೇ? ತಪ್ಪು ಮಾಡಿದ ವಾರದಲ್ಲಿ ಈ ನಿರ್ಧಾರ ಬೇಡ. ಮುಂದಿನ ನಾಲ್ಕು ವಾರ ಮೇಲಿನ ಕ್ರಮ ಹಿಡಿದು ಮುಂದುವರಿಯುವುದು ನಾನು ಮೊದಲು ಹೇಳುವ ದಾರಿ. ಟ್ಯೂಟರ್‌ಗೆ ಈ ಪತ್ರದಲ್ಲಿರುವುದನ್ನೆಲ್ಲ ಹೇಳಿ, ವಾರಕ್ಕೆ ಎರಡು ಸಲ ಲ್ಯಾಬ್ ತೆರೆದುಕೊಡಲು ಕೇಳಿ. ಅಷ್ಟಕ್ಕೂ ಸಾಲದಿದ್ದರೆ ಅದೇ ಪೋಸ್ಟಿಂಗನ್ನು ಇನ್ನೊಮ್ಮೆ ಮಾಡಲು ಕೇಳಬಹುದು. ಆದರೆ ಮುಂದಿನ ಪೋಸ್ಟಿಂಗಿನ ಗಂಟೆಗಳು ಹಿಂದೆ ಬೀಳದಂತೆ ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ನೋಂದಣಿಗೆ ಕ್ಲಿನಿಕಲ್ ಗಂಟೆಗಳು ಕಡ್ಡಾಯ, ಲಾಗ್‌ಬುಕ್ಕಿನಲ್ಲಿ ಅಂದಂದೇ ಸಹಿ ಹಾಕಿಸಿ. ಒಂದು ಸೆಮಿಸ್ಟರ್ ಬಿಡುವು ಪಡೆದರೆ ಮನಸ್ಸು ಹಗುರಾಗಬಹುದು, ಆದರೆ ಕೈಯ ರೂಢಿ ತಪ್ಪುತ್ತದೆ, ಜೊತೆಗಾರರು ಮುಂದೆ ಹೋಗಿರುತ್ತಾರೆ, ವಾಪಸಾಗುವುದು ಹೆಚ್ಚಿನವರಿಗೆ ಕಷ್ಟವಾಗುತ್ತದೆ. ನಿದ್ದೆಯಿಲ್ಲದಿರುವುದು ಎರಡು ವಾರ ದಾಟಿದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನ್ನುವಂಥ ಯೋಚನೆ ಬಂದರೆ ಕೋರ್ಸಿನ ಮಾತು ಆಮೇಲೆ, ಮೊದಲು ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ. ರೋಗಿಯ ಬಳಿ ನಿಲ್ಲುವುದೇ ಬೇಸರ, ಅವರ ಕಷ್ಟ ಮನಸ್ಸಿಗೆ ತಟ್ಟುವುದೇ ಇಲ್ಲ ಎನ್ನುವವರು ಕೋರ್ಸ್ ಬಿಡುವುದು ಒಳ್ಳೆಯದು. ನಿಮ್ಮ ಪತ್ರದಲ್ಲಿ ಅದು ಎಲ್ಲೂ ಕಾಣಲಿಲ್ಲ.

ಜನರಲ್ ವಾರ್ಡಿನಲ್ಲಿ ಒಂದು ವರ್ಷ ಕಡ್ಡಾಯ ಎಂಬುದು ಹಳೆಯ ರೂಢಿ, ನಿಯಮವೇನಲ್ಲ. ಅದರಿಂದ ಲಾಭವಿದೆ: ಬಗೆಬಗೆಯ ಕಾಯಿಲೆ ಕಾಣುತ್ತವೆ, ಹಲವರನ್ನು ಒಟ್ಟಿಗೆ ನಿಭಾಯಿಸುವುದು ಬರುತ್ತದೆ. ಆದರೆ ಕಲಿಸುವವರಿಲ್ಲದ ಜನರಲ್ ವಾರ್ಡಿಗಿಂತ ಕಲಿಸುವವರಿರುವ ಮಕ್ಕಳ ವಾರ್ಡ್ ಮೇಲು. ಮಕ್ಕಳ ವಾರ್ಡಿಗೆ ಹೋಗುವುದಾದರೆ ಇಂದಿನಿಂದಲೇ ತೂಕದ ಲೆಕ್ಕ ಗಟ್ಟಿ ಮಾಡಿಕೊಳ್ಳಿ, ಅಲ್ಲಿ ಹೆಚ್ಚಿನ ಡೋಸ್‌ಗಳು ತೂಕದ ಮೇಲೆ. 12 ಕಿಲೋ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಎಂದರೆ 180 ಮಿಲಿಗ್ರಾಂ, 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 7.5 ಮಿಲಿ. ಅದೇ 7.5 ಮಿಲಿಯನ್ನು 5 ಮಿಲಿಗೆ 250 ಮಿಲಿಗ್ರಾಂ ಇರುವ ಬಾಟಲಿಯಿಂದ ಕೊಟ್ಟರೆ 375 ಮಿಲಿಗ್ರಾಂ ಹೋಗುತ್ತದೆ, ದುಪ್ಪಟ್ಟಿಗಿಂತ ಹೆಚ್ಚು. ಪುಡಿಯ ಇಂಜೆಕ್ಷನ್‌ಗಳಲ್ಲಿ ಪುಡಿಯೂ ಜಾಗ ಹಿಡಿಯುತ್ತದೆ. 5 ಮಿಲಿ ನೀರು ಹಾಕಿದರೆ ಒಟ್ಟು 5 ಮಿಲಿಗಿಂತ ತುಸು ಹೆಚ್ಚಾಗಬಹುದು. ದೊಡ್ಡವರಿಗೆ ಪೂರ್ತಿ ವಯಲ್ ಕೊಡುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ, ಕೂಸಿಗೆ ಅದರಲ್ಲಿ ಸ್ವಲ್ಪ ಭಾಗ ಎಳೆಯುವಾಗ ಬರುತ್ತದೆ. ಎಷ್ಟು ನೀರು ಹಾಕಿದರೆ ಎಷ್ಟು ಮಿಲಿ ಆಗುತ್ತದೆಂದು ಒಳಗಿನ ಚೀಟಿಯಲ್ಲಿ ಓದಿ.

ಕೆಲಸ ಹುಡುಕುವಾಗ ಸಂಬಳದ ಜೊತೆಗೆ ಇವನ್ನೂ ಕೇಳಿ. ತರಬೇತಿ ಎಷ್ಟು ವಾರ? ಅಷ್ಟೂ ದಿನ ಒಬ್ಬ ಹಿರಿಯ ನರ್ಸ್ ಜೊತೆಗಿರುತ್ತಾರೆಯೇ? ಆ ವಾರಗಳಲ್ಲಿ ನನ್ನನ್ನು ಶಿಫ್ಟಿನ ಲೆಕ್ಕಕ್ಕೆ ಹಿಡಿಯುತ್ತೀರಾ, ಹೆಚ್ಚುವರಿಯಾಗಿ ಇಡುತ್ತೀರಾ? ರಾತ್ರಿ ಶಿಫ್ಟಿನಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ಎಷ್ಟು ತಿಂಗಳ ಮೇಲೆ ಒಬ್ಬಳನ್ನೇ ಬಿಡುತ್ತೀರಿ? ಇಷ್ಟು ವರ್ಷ ಬಿಡಕೂಡದು ಎಂಬ ಕರಾರಿದ್ದರೆ ಮನೆಗೆ ತಂದು ಓದಿ, ಬಿಟ್ಟರೆ ಎಷ್ಟು ಕಟ್ಟಬೇಕೆಂದು ನೋಡಿ ಸಹಿ ಮಾಡಿ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ, ಇಟ್ಟುಕೊಳ್ಳಲು ಕೊಡಬೇಡಿ. ನರ್ಸಿಂಗ್ ಕೌನ್ಸಿಲ್ ನೋಂದಣಿ ಕೈಗೆ ಬರುವ ಮೊದಲೇ ‘ಸೇರಿಕೊಳ್ಳಿ, ಆಮೇಲೆ ನೋಡೋಣ’ ಎನ್ನುವ ಕಡೆ ಸೇರಬೇಡಿ. ಏನಾದರೂ ಎಡವಟ್ಟಾದರೆ ಕಾನೂನಿನ ಮುಂದೆ ನಿಲ್ಲಬೇಕಾದವರು ನೀವೇ.